ಗೆರೆ ಮುಟ್ಟದ ರಕ್ತ

ವಾಪಸಕ್ಕ ಎಂದರೆ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರಿಲ್ಲ. ರಕ್ತಪರೀಕ್ಷೆ ಮಾಡುವ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಆಕೆ. ವಾರ್ಡಿನಿಂದ ಬಂದ ಟ್ಯೂಬನ್ನು ಬೆಳಕಿಗೆ ಹಿಡಿದು, ಒಮ್ಮೆ ಓರೆ ಮಾಡಿ, ತುಟಿ ಸೊಟ್ಟ ಮಾಡಿಕೊಂಡು "ವಾಪಸ್" ಎಂದರೆ ಮುಗಿಯಿತು, ಆ ಟ್ಯೂಬು ಬಂದ ದಾರಿಯಲ್ಲೇ ಹಿಂದಿರುಗಬೇಕು. ರಕ್ತ ಟ್ಯೂಬಿನ ಮೇಲೆ ಗುರುತಿಸಿದ ಗೆರೆ ಮುಟ್ಟದಿದ್ದರೆ ವಾಪಸ್. ಹೆಪ್ಪುಗಟ್ಟಬಾರದ್ದು ಹೆಪ್ಪುಗಟ್ಟಿದ್ದರೆ ವಾಪಸ್. ಹೆಸರಿನ ಚೀಟಿ ಸೊಟ್ಟಗೆ ಅಂಟಿದ್ದರೂ ವಾಪಸ್. ಹಿಂದೆಯೇ ಫೋನು ಬೇರೆ. "ಏನಮ್ಮಾ, ರಕ್ತ ತೆಗಿಯೋದು ಅಂದ್ರೆ ನಲ್ಲಿಯಿಂದ ನೀರು ಹಿಡಿಯೋದು ಅಂದ್ಕೊಂಡ್ಯಾ? ಯಾರಮ್ಮಾ ನಿಂಗೆ ಕಲಿಸಿದ್ದು?" ಎಂದು ಆಕೆ ಶುರುಮಾಡಿದರೆ ಆ ಕಡೆಯ ನರ್ಸು ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದಳು. ಹಾಗೆ ಹಿಡಿದರೂ ಮಾತು ಸ್ಪಷ್ಟವಾಗಿಯೇ ಕೇಳುತ್ತಿತ್ತು.

ಅಡ್ಡಹೆಸರು ಆಕೆಗೂ ಗೊತ್ತಿತ್ತು. ಬೇಸರವೇನಿಲ್ಲ, ಒಳಗೊಳಗೇ ಹೆಮ್ಮೆ. ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಒಂದೇ ಒಂದು ಮೇಜು, ಒಂದು ಸೂಕ್ಷ್ಮದರ್ಶಕ ಇಟ್ಟುಕೊಂಡು ಲ್ಯಾಬು ನಡೆಯುತ್ತಿದ್ದ ಕಾಲದಲ್ಲಿ ಸೇರಿದವಳು ಆಕೆ. ಆಗ ಎಲ್ಲವೂ ಕೈಯಲ್ಲೇ ಆಗಬೇಕಿತ್ತು. ರಕ್ತದ ಕಣಗಳನ್ನು ಕಣ್ಣಿಟ್ಟು ಎಣಿಸುತ್ತ ಕತ್ತು ಹಿಡಿದುಕೊಳ್ಳುತ್ತಿತ್ತು. ಈಗ ಉದ್ದನೆಯ ಹಾಲು, ಗೋಡೆಯುದ್ದಕ್ಕೂ ಗುಂಯ್‌ಗುಟ್ಟುವ ಮೆಷೀನುಗಳು, ತಿರುಗುವ ಯಂತ್ರದಿಂದ ಇಳಿದ ಟ್ಯೂಬುಗಳಲ್ಲಿ ಕೆಳಗೆ ಗಟ್ಟಿ ಕೆಂಪು, ಮೇಲೆ ತಿಳಿ ಹಳದಿ ನೀರು. ಆ ಹಳದಿ ನೀರಿನಲ್ಲೇ ಎಲ್ಲ ಗುಟ್ಟೂ ಇರುವುದು. ಅದು ಕೆಟ್ಟಿದ್ದರೆ ಎಂಥ ಮೆಷೀನೂ ಸುಳ್ಳನ್ನೇ ಹೇಳುತ್ತದೆ, ಅದೂ ದಶಾಂಶ ಸಮೇತ. ಆದ್ದರಿಂದಲೇ ಬಾಗಿಲಲ್ಲೇ ತಡೆಯಬೇಕು ಎನ್ನುವುದು ವಾಪಸಕ್ಕನ ವಾದ. ವಾದ ಸರಿಯಾಗಿಯೇ ಇತ್ತು. ನಾಲಿಗೆ ಮಾತ್ರ ಸ್ವಲ್ಪ ಉದ್ದ.

ಮನೆಯಲ್ಲಿ ನಾಲ್ಕು ಜನ. ಗಂಡ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಈಗ ಸ್ಟೇರಿಂಗ್ ಸಿಗದ್ದಕ್ಕೆ ಟೀವಿಯ ರಿಮೋಟು ಹಿಡಿದು ಮನೆಯವರನ್ನೆಲ್ಲ ಓಡಿಸುತ್ತಿದ್ದ. ಮಗ ಎಲೆಕ್ಟ್ರಿಷಿಯನ್. ಸೊಸೆ ನರ್ಸು, ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ. ಇನ್ನೂ ಕಾಯಂ ಆಗಿರಲಿಲ್ಲ, ಅದೇ ವರ್ಷ ಆಗಬೇಕಿತ್ತು. ಅತ್ತೆ ಸೊಸೆ ಬೆಳಗ್ಗೆ ಒಂದೇ ಬಸ್ಸು ಹತ್ತಿ, ಒಂದೇ ಸೀಟಿನಲ್ಲಿ ಕೂತು, ಗ್ಯಾಸು ಯಾವಾಗ ಮುಗಿಯಬಹುದು, ಪಕ್ಕದ ಮನೆಯವರು ಯಾಕೆ ಗೇಟಿಗೆ ಬಣ್ಣ ಬಳಿಸುತ್ತಿದ್ದಾರೆ ಎಂಬುದನ್ನೆಲ್ಲ ಮಾತಾಡಿಕೊಂಡು ಬರುತ್ತಿದ್ದರು. ಆಸ್ಪತ್ರೆಯ ಗೇಟು ದಾಟಿದ ಮೇಲೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. "ಒಳಗೆ ಹೋದ್ಮೇಲೆ ನೀನು ನನ್ನ ಸೊಸೆ ಅಲ್ಲ, ನಾನು ನಿನ್ನ ಅತ್ತೆ ಅಲ್ಲ" ಎಂದು ಮೊದಲ ದಿನವೇ ಆಕೆ ಹೇಳಿಬಿಟ್ಟಿದ್ದಳು. ಸೊಸೆ ಆ ಮಾತನ್ನು ಚಾಚೂತಪ್ಪದೆ ಪಾಲಿಸಿದಳು, ಅಗತ್ಯಕ್ಕಿಂತ ಹೆಚ್ಚಾಗಿಯೇ.

ಹೀಗಿರುವಾಗ ಹೊಸ ಸೂಪರಿಂಟೆಂಡೆಂಟ್ ಬಂದರು. ಕೆಟ್ಟ ಮನುಷ್ಯರಲ್ಲ. ವರದಿಗಾಗಿ ಹೊರಗಿನ ಬೆಂಚಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತವರನ್ನು ನೋಡಿ ಅವರಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಪರೀಕ್ಷೆಗಳು ಬೇಗ ಆಗಬೇಕು ಎಂದು ಲ್ಯಾಬಿನ ಗೋಡೆಗೆ ಒಂದು ದೊಡ್ಡ ಪರದೆ ಹಾಕಿಸಿದರು. ಟ್ಯೂಬಿನ ಚೀಟಿಯನ್ನು ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದ ಕೂಡಲೇ ಗಡಿಯಾರ ಶುರು. ಬೇಗ ಮುಗಿದರೆ ಹಸಿರು, ತಡವಾದರೆ ಕೆಂಪು. ಕೆಂಪು ಹೆಚ್ಚಾದ ದಿನ ಅವರೇ ಇಳಿದು ಬಂದು, ಏನೂ ಬೈಯದೆ, ಕೈಕಟ್ಟಿಕೊಂಡು ಪರದೆ ನೋಡುತ್ತ ನಿಲ್ಲುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಆ ಪರದೆಯ ಗಡಿಯಾರಕ್ಕೆ ಒಂದು ಗುಣವಿತ್ತು. ಟ್ಯೂಬನ್ನು ವಾರ್ಡಿಗೆ ಹಿಂದೆ ಕಳಿಸಿದರೆ ಅದರ ಲೆಕ್ಕ ಅಲ್ಲಿಗೇ ಅಳಿಸಿಹೋಗುತ್ತಿತ್ತು. ಮತ್ತೆ ರಕ್ತ ತೆಗೆದು ತಂದಾಗ ಹೊಸ ಲೆಕ್ಕ, ಸೊನ್ನೆಯಿಂದ. ರೋಗಿ ಬೆಳಗ್ಗೆಯಿಂದ ಕಾಯುತ್ತಿದ್ದರೂ ಪರದೆಯ ಮೇಲೆ ಲ್ಯಾಬು ಹಸಿರು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಕಂಪ್ಯೂಟರಿನವನು ಹಾಗೆ ಕೂರಿಸಿಹೋಗಿದ್ದ. ಆದರೆ ಅದರ ರುಚಿ ಲ್ಯಾಬಿಗೆ ಬೇಗನೆ ಹತ್ತಿತು.

ಮೊದಲು ಮಕ್ಕಳ ರಕ್ತ ಸ್ವಲ್ಪವೇ ಬಂದರೆ ವಾಪಸಕ್ಕ ಅದಕ್ಕೊಂದು ದಾರಿ ಮಾಡುತ್ತಿದ್ದಳು. ಲ್ಯಾಬಿನಲ್ಲಿ ಅದಕ್ಕೆಂದೇ ಬೆರಳ ತುದಿಯಷ್ಟು ಪುಟ್ಟ ಪ್ಲಾಸ್ಟಿಕ್ ಕಪ್ಪುಗಳಿದ್ದವು, ಮಕ್ಕಳ ಕಪ್ ಎಂದೇ ಕರೆಯುತ್ತಿದ್ದರು. ಮೇಲಿನ ಹಳದಿ ನೀರನ್ನು ಹುಷಾರಾಗಿ ಹೀರಿ ಆ ಕಪ್ಪಿಗೆ ಹಾಕಿ, ಸಾಲಾಗಿ ಹೋಗುತ್ತಿರುವ ಬೇರೆ ಟ್ಯೂಬುಗಳನ್ನು ನಿಲ್ಲಿಸಿ, ಕೈಯಿಂದ ಮೆಷೀನಿಗೆ ಕೊಡಬೇಕು. ಕೆಲಸ ಕಷ್ಟದ್ದೇನಲ್ಲ, ಆದರೆ ಹಿಂದಿನದ್ದೆಲ್ಲ ತಡವಾಗುತ್ತದೆ, ಪರದೆ ಕೆಂಪಾಗುತ್ತದೆ. ಕಪ್ಪುಗಳ ಪೊಟ್ಟಣ ಕಪಾಟು ಸೇರಿತು. ಮಕ್ಕಳಾಗಲಿ ದೊಡ್ಡವರಾಗಲಿ ಟ್ಯೂಬಿನ ಗೆರೆ ಮುಟ್ಟಲೇಬೇಕು, ಇಲ್ಲದಿದ್ದರೆ ವಾಪಸ್, ಎಂದು ಆಕೆ ಎಲ್ಲ ವಾರ್ಡಿಗೂ ಹೇಳಿ ಕಳಿಸಿದಳು.

ಕೆಲವು ವಾರ ಮಕ್ಕಳ ವಾರ್ಡಿಗೂ ಲ್ಯಾಬಿಗೂ ಹಾವು ಮುಂಗುಸಿಯ ಕಾದಾಟವಾಯಿತು. ಆಮೇಲೆ ಏನೋ ಪವಾಡವಾದಂತೆ ಎಲ್ಲ ಸರಿಹೋಯಿತು. ಅಲ್ಲಿಂದ ಬರುವ ಒಂದೊಂದು ಟ್ಯೂಬೂ ಅಳೆದು ತೂಗಿದ ಹಾಗೆ ಗೆರೆಗೆ ಸರಿಯಾಗಿ ಬರತೊಡಗಿತು. ವಾಪಸಕ್ಕ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ರಾತ್ರಿ ಊಟದ ಹೊತ್ತಿಗೆ ಹೇಳಿಕೊಂಡಳು ಕೂಡ.

"ನೋಡಿದ್ಯಾ, ಬಾಯಿ ಮಾಡಿದ್ದಕ್ಕೆ ಕಲಿತ್ಕೊಂಡ್ರು. ಮೆತ್ತಗೆ ಹೇಳಿದ್ರೆ ಯಾರ ಕಿವಿಗೂ ಬೀಳಲ್ಲ."

ಸೊಸೆ ಮಾವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. "ಸಾಕಮ್ಮಾ, ಸಾಕು" ಎನ್ನುತ್ತಿದ್ದರೂ ಬಡಿಸಿದಳು.

ಒಂದು ಮುಂಜಾನೆ ಮಕ್ಕಳ ವಾರ್ಡಿನಿಂದ ಎರಡು ಟ್ಯೂಬು ಬಂದವು, ಒಂದೇ ಮಗುವಿನದು. ಇನ್ನೂ ಶಾಲೆಗೆ ಸೇರದ ವಯಸ್ಸಿನ ಹುಡುಗಿ. ಎರಡು ದಿನದಿಂದ ವಾಂತಿ ಭೇದಿ, ಹಿಂದಿನ ಸಂಜೆಯಿಂದ ಮೂತ್ರ ಹೋಗಿಲ್ಲ. ಮೂತ್ರಪಿಂಡ ಕೆಲಸ ನಿಲ್ಲಿಸಿತೇ ಎಂಬುದು ಡಾಕ್ಟರ ಅನುಮಾನ. ನೇರಳೆ ಮುಚ್ಚಳದ ಟ್ಯೂಬು ಕಣ ಎಣಿಸಲಿಕ್ಕೆ, ಹಳದಿ ಮುಚ್ಚಳದ್ದು ಲವಣಗಳನ್ನು ಅಳೆಯಲಿಕ್ಕೆ. ಮೆಷೀನು ಹಳದಿ ಟ್ಯೂಬನ್ನು ಓದಿ ಚೀರಿಕೊಂಡಿತು. ಪೊಟ್ಯಾಸಿಯಂ ವಿಪರೀತ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಪೊಟ್ಯಾಸಿಯಂ ಅಷ್ಟು ಏರಿದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಮತ್ತೊಮ್ಮೆ ಹಾಕಿದಳು. ಮತ್ತೆ ಅದೇ.

ಇಂಥ ಅಂಕಿ ಬಂದರೆ ತಕ್ಷಣ ಫೋನು ಮಾಡಿ ಹೇಳಬೇಕೆಂಬುದು ನಿಯಮ, ಹೇಳಿದಳು. ಆ ಕಡೆ ಮಕ್ಕಳ ಡಾಕ್ಟರು "ಅಂದ್ಕೊಂಡಿದ್ದೆ, ಇಳಿಸೋ ಔಷಧಿ ಈಗ್ಲೇ ಶುರು ಮಾಡ್ತೀನಿ" ಎಂದು ಇಟ್ಟುಬಿಟ್ಟರು. ಇಟ್ಟ ಮೇಲೆ ಆಕೆಯ ಕಣ್ಣು ಸ್ಟ್ಯಾಂಡಿನಲ್ಲಿದ್ದ ಎರಡು ಟ್ಯೂಬುಗಳ ಮೇಲೆ ಬಿತ್ತು. ಹಳದಿಯದು ಗೆರೆಗೆ ಸರಿಯಾಗಿತ್ತು. ನೇರಳೆಯದು ಅರ್ಧವೂ ಇರಲಿಲ್ಲ. ನೇರಳೆ ಟ್ಯೂಬು ಚಿಕ್ಕದು, ಅದನ್ನು ತುಂಬಿಸುವುದು ಸುಲಭ. ಸುಲಭದ್ದು ಅರ್ಧ, ಕಷ್ಟದ್ದು ಪೂರ್ತಿ. ಎರಡನ್ನೂ ಎತ್ತಿ ಪಕ್ಕಪಕ್ಕ ಹಿಡಿದು ನೋಡಿದಳು.

ನೇರಳೆ ಟ್ಯೂಬಿನ ತಳದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಒಂದು ಉಪ್ಪು ಹಾಕಿರುತ್ತಾರೆ. ಅದು ಪೊಟ್ಯಾಸಿಯಮ್ಮಿನದೇ ಉಪ್ಪು, ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವಂಥದ್ದು. ಆ ಟ್ಯೂಬಿನಿಂದ ಒಂದಿಷ್ಟು ರಕ್ತವನ್ನು ಹಳದಿ ಟ್ಯೂಬಿಗೆ ಸುರಿದರೆ ಗೆರೆಯೇನೋ ಮುಟ್ಟುತ್ತದೆ, ಮಗುವಿನ ರಕ್ತದಲ್ಲಿ ಇಲ್ಲದ ರೋಗವೂ ಹುಟ್ಟಿಕೊಳ್ಳುತ್ತದೆ. ಮೂತ್ರಪಿಂಡ ಕೆಟ್ಟರೂ ಅಂಕಿ ಹೀಗೇ ಬರುತ್ತದೆ, ಸುರಿದರೂ ಹೀಗೇ ಬರುತ್ತದೆ. ಯಾವುದು ನಿಜ ಎಂದು ಮೆಷೀನು ಹೇಳುವುದಿಲ್ಲ.

ಆಕೆ ಮತ್ತೆ ಫೋನು ಎತ್ತಿದಳು. ಸೊಸೆಯ ದನಿ.

"ಆ ಮಗುವಿನ ರಕ್ತ ತೆಗೆದದ್ದು ಯಾರು?"

"ನಾನೇ."

"ನೇರಳೆಯಿಂದ ಹಳದಿಗೆ ಸುರಿದ್ಯಾ?"

ಹಿಂದೆ ಯಾವುದೋ ಮಗು ಅಳುತ್ತಿತ್ತು.

"ಇಲ್ಲ" ಎಂದಳು ಸೊಸೆ.

ಕೆಲಸದ ನಡುವೆ ಲ್ಯಾಬು ಬಿಟ್ಟು ಹೋದವಳಲ್ಲ ವಾಪಸಕ್ಕ. ಅಂದು ಕೈಗವಸು ಕಿತ್ತೆಸೆದು ಹೊರಟಳು. ಬಾಗಿಲ ಬಳಿ ಲ್ಯಾಬಿನ ಡಾಕ್ಟರಮ್ಮ ಎದುರಾದರು. ಎರಡೇ ಮಾತಿನಲ್ಲಿ ವಿಷಯ ಹೇಳಿದಳು. "ನೀವು ನಡೀರಿ, ನಾನು ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ನಿಲ್ಲಿಸ್ತೀನಿ" ಎಂದರು ಅವರು. ಮೆಟ್ಟಿಲು ಹತ್ತುತ್ತ ಆಕೆಗೆ ಏದುಸಿರು. ಸುರಿದಿಲ್ಲ ಎನ್ನುವುದೇ ನಿಜವಾಗಿ, ತಾನು ಅಡ್ಡಬಂದು ಮಗುವಿಗೆ ಏನಾದರೂ ಆದರೆ? ಸುರಿದದ್ದು ನಿಜವಾಗಿ, ತಾನು ಮುಟ್ಟುವಷ್ಟರಲ್ಲಿ ಔಷಧಿ ಹೋಗಿಬಿಟ್ಟಿದ್ದರೆ? ವಾಂತಿ ಭೇದಿಯಾದ ಮಗುವಿನಲ್ಲಿ ಪೊಟ್ಯಾಸಿಯಂ ಮೊದಲೇ ಇಳಿದಿರುತ್ತದೆ. ಅದನ್ನು ಇನ್ನೂ ಇಳಿಸಿದರೂ ಹೃದಯ ನಿಲ್ಲುತ್ತದೆ.

ಮಂಚದ ಮೇಲೆ ಮಗು ಅಮ್ಮನ ಸೆರಗು ಜಗ್ಗುತ್ತ ನರಳುತ್ತಿತ್ತು. ಎದೆಗೆ ಇ.ಸಿ.ಜಿ. ತಂತಿಗಳನ್ನು ಅಂಟಿಸಿದ್ದರು. ಮಗು ಕೈಕಾಲು ಬಡಿಯುತ್ತಿದ್ದುದರಿಂದ ಕಾಗದದ ಮೇಲೆ ಬರೀ ಗೀಚು, ಹೃದಯದ ಸ್ಥಿತಿ ತಿಳಿಯುವಂತಿರಲಿಲ್ಲ. ಮಕ್ಕಳ ಡಾಕ್ಟರ ಕೈಯಲ್ಲಿ ಸಿರಿಂಜು ತಯಾರಿತ್ತು, ಇನ್ನೊಂದು ಕೈಯಲ್ಲಿ ಫೋನು.

"ಈಗ ಮಗು ನೋಡಿದ್ರೆ ನಂಗೂ ಅಷ್ಟು ಏರಿದೆ ಅನ್ನಿಸ್ತಿಲ್ಲ" ಎಂದರು ಅವರು ಆಕೆಯನ್ನು ಕಂಡವರೇ. "ಆದ್ರೆ ಸುಮ್ನೆ ಕೂತ್ಕೊಳ್ಳೋಕೂ ಆಗಲ್ಲ. ಎಷ್ಟು ಹೊತ್ತು ಬೇಕು ನಿಮಗೆ?"

"ಇನ್ನೊಂದ್ಸಲ ರಕ್ತ ಕೊಡಿ ಸಾರ್. ಉಳಿದದ್ದೆಲ್ಲ ನಿಲ್ಸಿ ಇದೊಂದೇ ಮಾಡ್ತೀನಿ."

ಸೊಸೆಯೇ ಸೂಜಿ ಹಿಡಿದಳು. ಬಾಡಿದ ಮಗು, ನರ ಸಿಗುವುದೇ ಕಷ್ಟ. ಎರಡು ಕಡೆ ಚುಚ್ಚಿದ ಮೇಲೆ ನಾಲ್ಕು ಹನಿ ಬಂತು, ಆಮೇಲೆ ನಿಂತುಹೋಯಿತು. ಟ್ಯೂಬಿನ ತಳ ಮಾತ್ರ ಒದ್ದೆಯಾಗಿತ್ತು, ಗೆರೆ ಎಲ್ಲೋ ಮೇಲೆ.

"ಇಷ್ಟೇ ಬಂತು" ಎಂದಳು ಅತ್ತೆಯ ಮುಖ ನೋಡದೆ.

"ಸಾಕು" ಎಂದಳು ವಾಪಸಕ್ಕ. ಅಂದದ್ದೇ ತಡ, ತಾನು ಏನೆಂದೆ ಎಂಬುದು ಆಕೆಗೇ ತಟ್ಟಿತು. ಸಾಕಾಗುತ್ತದೆ ಎಂದು ಇಷ್ಟು ದಿನವೂ ಗೊತ್ತಿತ್ತಲ್ಲ.

ಕಪಾಟಿನಿಂದ ಮಕ್ಕಳ ಕಪ್ಪಿನ ಪೊಟ್ಟಣ ತೆಗೆದು, ಸಾಲು ನಿಲ್ಲಿಸಿ, ಹನಿಯಷ್ಟು ಹಳದಿ ನೀರನ್ನು ಮೆಷೀನಿಗೆ ಕೊಟ್ಟಳು. ಗೋಡೆಯ ಪರದೆ ಕೆಂಪಾಗುತ್ತ ಹೋಯಿತು. ಯಾರೂ ಆ ಕಡೆ ನೋಡಲಿಲ್ಲ. ಅಂಕಿ ಬಂತು. ಪೊಟ್ಯಾಸಿಯಂ ಕಡಿಮೆ. ಸ್ವಲ್ಪವಲ್ಲ, ಬಹಳವೇ ಕಡಿಮೆ. ಆ ಸಿರಿಂಜು ಒಳಗೆ ಹೋಗಿದ್ದರೆ ಮಗು ಉಳಿಯುತ್ತಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರೂ ಮಾತಿಲ್ಲ. ಮನೆ ಹತ್ತಿರದ ಸ್ಟಾಪಿನಲ್ಲಿ ಇಳಿದು, ಬೇಕರಿಯ ಮುಂದೆ ಬಂದಾಗ ಸೊಸೆ ನಿಂತಳು.

"ಸುರಿದಿದ್ದೆ, ಅತ್ತೆ."

"ಗೊತ್ತಾಯ್ತು."

"ನಾನೊಬ್ಳೇ ಅಲ್ಲ. ವಾರ್ಡಲ್ಲಿ ಎಲ್ಲರೂ ಹಾಗೇ ಮಾಡ್ತಾರೆ. ಗೆರೆ ಮುಟ್ಟದಿದ್ರೆ ನೀವು ವಾಪಸ್ ಕಳಿಸ್ತೀರಿ, ಫೋನಲ್ಲಿ ಮಾನ ಹರಾಜು ಹಾಕ್ತೀರಿ. ಮತ್ತೆ ಆ ಮಕ್ಕಳಿಗೆ ಚುಚ್ಚಬೇಕು. ಅಮ್ಮಂದಿರು ಕಣ್ಣೀರು ಹಾಕ್ತಾರೆ. ಸ್ವಲ್ಪ ಸುರಿದ್ರೆ ಏನಾಗತ್ತೆ ಅಂದ್ಕೊಂಡ್ವಿ."

"ಬೇರೆಯವರು ಹೋಗ್ಲಿ. ನಾನು ಕೇಳ್ದಾಗ ನೀನು ನಿಜ ಹೇಳ್ಬಹುದಿತ್ತಲ್ಲ? ಒಂದು ಮಗುವಿನ ಜೀವ ಕಣೇ ಅದು!"

ಸೊಸೆಯ ಕಣ್ಣು ತುಂಬಿತು. ಆದರೆ ಮಾತು ತಡವರಿಸಲಿಲ್ಲ. "ಅತ್ತೆ ಕೇಳಿದ್ರೆ ಹೇಳ್ತಿದ್ದೆ. ಕೇಳಿದ್ದು ವಾಪಸಕ್ಕ. ಆ ದನಿ ಕೇಳಿದ್ರೆ ಬಾಯಿಂದ ಇಲ್ಲ ಅಂತಾನೇ ಬರತ್ತೆ. ಎಲ್ಲರಿಗೂ ಹಾಗೇ."

ವಾಪಸಕ್ಕನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಮನೆಯಲ್ಲಿ ಎಲ್ಲ ಕೇಳಿಸಿಕೊಂಡ ಗಂಡ ಟೀವಿಯ ದನಿ ಇಳಿಸಿದ.

"ನಮ್ಮ ಡಿಪೋದಲ್ಲೂ ಹೀಗೇ ಆಗಿತ್ತು. ಲೇಟಾಗಿ ಬಂದವರಿಗೆಲ್ಲ ಮ್ಯಾನೇಜರು ಮಂಗಳಾರತಿ ಎತ್ತೋಕೆ ಶುರು ಮಾಡ್ದ. ಆಮೇಲೆ ನೋಡು, ಒಂದು ಬಸ್ಸೂ ಲೇಟಿಲ್ಲ."

"ಹೇಗೆ?"

"ಸ್ಟಾಪಲ್ಲಿ ಜನ ಕೈ ಅಡ್ಡ ಹಿಡಿದ್ರೂ ನಿಲ್ಲಿಸ್ತಿರಲಿಲ್ಲ."

ಮೂರನೆಯ ದಿನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸಭೆ. ಹೋಗುವ ಮುನ್ನ ವಾಪಸಕ್ಕ ಒಂದು ತೀರ್ಮಾನಕ್ಕೆ ಬಂದಿದ್ದಳು: ವಾರ್ಡಿನಲ್ಲಿ ಯಾರೋ ಸುರಿದಿದ್ದಾರೆ ಎಂದಷ್ಟೇ ಹೇಳುವುದು, ಯಾರೆಂದು ಬಾಯಿ ಬಿಡದಿರುವುದು. ಕಾಯಂ ಆಗುವ ಹೊತ್ತಿನಲ್ಲಿ ಸೊಸೆಗೆ ಕಪ್ಪುಚುಕ್ಕೆ ಬೇಡ. ಆಕೆಯೂ ಮನುಷ್ಯಳೇ, ಅತ್ತೆಯೂ ಹೌದು. ಆದರೆ "ಯಾರು ಮಾಡಿದ್ದು?" ಎಂದು ಅವರು ಕೇಳುತ್ತಲೇ ಸೊಸೆ ಎದ್ದು ನಿಂತಳು.

"ನಾನು, ಸಾರ್. ಕೇಳಿದಾಗ ಇಲ್ಲ ಅಂತ ಸುಳ್ಳೂ ಹೇಳಿದೆ."

ವಾರ್ಡಿನ ಹೆಡ್ ಸಿಸ್ಟರು ನೆಲ ನೋಡಿದರು. ಈಗ ವಾಪಸಕ್ಕ ಸುಮ್ಮನಿರುವ ಹಾಗಿರಲಿಲ್ಲ. ಮಕ್ಕಳ ಕಪ್ಪಿನ ವಿಷಯ ಹೇಳಿದಳು, ಅದನ್ನು ತಾನೇ ಕಪಾಟಿಗೆ ಸೇರಿಸಿದ್ದನ್ನು ಹೇಳಿದಳು. ವಾಪಸ್ ಕಳಿಸಿದರೆ ಗಡಿಯಾರ ಸೊನ್ನೆಯಾಗುವುದನ್ನೂ ಹೇಳಿದಳು. "ಪರದೆ ಹಸಿರಾಗಿರ್ಲಿ ಅಂತ ವಾಪಸ್ ಮಾಡ್ದೆ ಸಾರ್. ಎಲ್ಲ ಸಲ ಅಲ್ಲ, ಆದ್ರೆ ಎಷ್ಟೋ ಸಲ. ಈ ಹುಡುಗಿಯರನ್ನ ಸುರಿಯೋ ಹಾಗೆ ಮಾಡಿದ್ದು ನಾನು."

ಸೂಪರಿಂಟೆಂಡೆಂಟರ ಮುಖ ಸಪ್ಪಗಾಯಿತು. ತಾವು ಇಷ್ಟು ದಿನ ಕೈಕಟ್ಟಿ ನಿಂತು ನೋಡಿ ಖುಷಿಪಟ್ಟ ಹಸಿರು ಎಂಥದೆಂದು ಅವರಿಗೂ ತಿಳಿಯಿತು. ಗಡಿಯಾರ ಇನ್ನು ಸೂಜಿ ಚುಚ್ಚಿದಲ್ಲಿಂದ ಶುರುವಾಗಲಿ, ವರದಿ ಡಾಕ್ಟರ ಕೈಸೇರಿದಾಗ ನಿಲ್ಲಲಿ, ಎಂದರು ಲ್ಯಾಬಿನ ಡಾಕ್ಟರಮ್ಮ. ಆಗ ವಾಪಸ್ ಹೋದ ಟ್ಯೂಬು ಎಲ್ಲರಿಗೂ ಕೆಂಪೇ. ಮಕ್ಕಳ ರಕ್ತಕ್ಕೆ ಬೇರೆ ಸಾಲು ಮಾಡೋಣ ಎಂದರು. ಎಲ್ಲರೂ ಗೋಣು ಆಡಿಸಿದರು.

ಸೊಸೆಯ ಕಾಯಂ ಮಾತ್ರ ಮುಂದಕ್ಕೆ ಹೋಯಿತು. ಸುಳ್ಳು ಹೇಳಿದ್ದನ್ನು ಬಿಡಲಾಗದು, ಮುಂದಿನ ಬಾರಿ ನೋಡೋಣ, ಎಂದರು ಸೂಪರಿಂಟೆಂಡೆಂಟ್. ಮಕ್ಕಳ ಕಪ್ ಮುಚ್ಚಿಟ್ಟ ಅತ್ತೆಗೆ ಒಂದು ಮಾತು ಬೈಗುಳವೂ ಇಲ್ಲ, ಗೆರೆ ಮುಟ್ಟಿಸಲು ಹೋದ ಸೊಸೆಗೆ ಶಿಕ್ಷೆ. ಆಫೀಸುಗಳ ನ್ಯಾಯವೇ ಹೀಗೆ, ಕೆಳಗಿದ್ದವರ ತಲೆಯೇ ಅದರ ಕೈಗೆ ಸುಲಭವಾಗಿ ಎಟುಕುವುದು. ಮಗ ನಾಲ್ಕು ದಿನ ಅಮ್ಮನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಆಕೆ ಅದನ್ನು ಹೊಟ್ಟೆಗೆ ಹಾಕಿಕೊಂಡಳು.

ಕೆಲಸ ನಿಧಾನವಾಗಿ ಬದಲಾಯಿತು. ಮೊದಮೊದಲು ಪರದೆ ಕೆಂಪೋ ಕೆಂಪು, ನಿಜದ ತಡವೆಲ್ಲ ಈಗ ಕಾಣತೊಡಗಿತ್ತು. ಆಮೇಲೆ ಒಂದೊಂದಾಗಿ ಹಸಿರಾಯಿತು. ಚುಚ್ಚಿದವರಿಗೇ ಮತ್ತೆ ಚುಚ್ಚುವುದು ತಪ್ಪಿದ್ದರಿಂದಲೇ ಅರ್ಧ ಹೊತ್ತು ಉಳಿಯಿತು. ಕಷ್ಟವಾದದ್ದು ವಾಪಸಕ್ಕನ ನಾಲಿಗೆಗೆ. ಫೋನು ಎತ್ತಿ "ಏನಮ್ಮಾ" ಎನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡು, ಕೆಮ್ಮಿ, "ಹೇಳಮ್ಮಾ, ಏನಾಯ್ತು?" ಎಂದು ತಿದ್ದಿಕೊಳ್ಳುತ್ತಿದ್ದಳು. ಆ ಕೆಮ್ಮು ಕೇಳಿ ನರ್ಸುಗಳು ನಗುತ್ತಿದ್ದರಂತೆ. ನಕ್ಕರೂ, ಏನಾಯಿತೆಂದು ಹೇಳುತ್ತಿದ್ದರು.

ಹೀಗೆ ಕೆಲವು ತಿಂಗಳಾದ ಮೇಲೆ, ಸೊಸೆಯ ಕಾಯಂ ವಿಷಯ ಮತ್ತೆ ಮೇಜಿಗೆ ಬರಬೇಕಾದ ವಾರದಲ್ಲೇ, ಫೋನು ಬಂತು.

"ಅತ್ತೆ, ನಾನು. ಅಕ್ಕಪಕ್ಕದ ತೊಟ್ಟಿಲಿನ ಎರಡು ಕೂಸುಗಳ ರಕ್ತ ಕಳಿಸಿದ್ದೀನಲ್ಲ, ಅವುಗಳ ಚೀಟಿ ಅದಲುಬದಲು ಆಗಿರಬಹುದು."

ವಾಪಸಕ್ಕ ಆ ಎರಡು ಟ್ಯೂಬುಗಳನ್ನು ಬೆಳಕಿಗೆ ಹಿಡಿದಳು. ಎರಡೂ ಗೆರೆಗೆ ಸರಿಯಾಗಿದ್ದವು. ಚೀಟಿ ನೆಟ್ಟಗೆ ಅಂಟಿತ್ತು. ಹಳದಿ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಮೆಷೀನು ಎರಡನ್ನೂ ಓದಿ, ಯಾವ ತಕರಾರೂ ಇಲ್ಲದೆ ಅಂಕಿ ಕೊಟ್ಟು, ಕಳಿಸಲೇ ಎಂದು ಕೇಳುತ್ತ ಕಾಯುತ್ತಿತ್ತು.

"ಆಗಿರಬಹುದೋ, ಆಗಿದೆಯೋ?"

"ಗೊತ್ತಿಲ್ಲ. ಅಂಟಿಸುವಾಗ ಯಾರೋ ಕರೆದ್ರು, ತಿರುಗಿ ನೋಡ್ದೆ. ಆಗಿಲ್ಲ ಅಂತ ಆಣೆ ಮಾಡಿ ಹೇಳೋಕೆ ನನಗಾಗ್ತಿಲ್ಲ."

"ಯಾರಾದ್ರೂ ನೋಡಿದ್ರಾ?"

"ಇಲ್ಲ. ಯಾರೂ ನೋಡಿಲ್ಲ."

"ಮತ್ತೆ ತೆಗೆದ್ರೆ ತಪ್ಪು ನಿನ್ನ ಹೆಸರಿಗೇ ಬೀಳತ್ತೆ. ಈ ವಾರ ಬೇರೆ."

"ಗೊತ್ತು, ಅತ್ತೆ."

"ಎರಡನ್ನೂ ಎಸೀತೀನಿ. ಮತ್ತೆ ತೆಗೆದು ಕಳಿಸು. ಬಂದಷ್ಟು ಸಾಕು" ಎಂದು ಫೋನು ಇಟ್ಟಳು.

ಟ್ಯೂಬುಗಳನ್ನು ಕೆಂಪು ತೊಟ್ಟಿಗೆ ಹಾಕುವಾಗ ಆಕೆ ಅವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಇವುಗಳಲ್ಲಿ ತಾನು ಯಾವ ಊನವನ್ನೂ ಹಿಡಿಯುವ ಸಾಧ್ಯತೆಯೇ ಇರಲಿಲ್ಲ. ಒಬ್ಬಳು ಹುಡುಗಿ ತಾನಾಗಿ ಫೋನು ಎತ್ತಿ ಹೇಳದಿದ್ದರೆ ಒಂದು ಕೂಸಿನ ರೋಗಕ್ಕೆ ಇನ್ನೊಂದು ಕೂಸಿಗೆ ಔಷಧಿ ಹೋಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಇಂಥ ಚೆಂದದ ಟ್ಯೂಬುಗಳು ತನ್ನ ಕೈ ದಾಟಿ ಎಷ್ಟು ಹೋಗಿದ್ದವೋ, ಹೇಳಬೇಕೆಂದುಕೊಂಡು ತನ್ನ ದನಿ ನೆನೆದು ಫೋನು ಕೆಳಗಿಟ್ಟವರು ಎಷ್ಟು ಜನವೋ, ಎಂದು ಯೋಚಿಸಲು ಹೋಗಿ ಆಕೆ ಹತ್ತಿರದ ಕುರ್ಚಿ ಎಳೆದುಕೊಂಡು ಕೂತಳು.